ಮನೆಯಲ್ಲಿ ಕಣಜ ಗೂಡು ಕಟ್ಟಿದರೆ

ಓದುವ ಮೊದಲು ಒಂದು ಕೆಲಸ ಮಾಡಿ. ತಲೆ ಎತ್ತಿ ಸುತ್ತ ನೋಡಿ. ಮನೆಯ ಸೂರು, ಕಿಟಕಿಯ ಮೂಲೆ, ಟ್ಯೂಬ್‌ಲೈಟಿನ ಹಿಂದೆ, ಮಗ್ಗದ ಮರದ ಸಂದು. ಎಲ್ಲಾದರೂ ಹುಳದ ಗೂಡು ಇದೆಯೇ? ಇದ್ದರೆ ಈಗಲೇ ಮುಟ್ಟಬೇಡಿ. ಮೊದಲು ಈ ಪಾಠ ಓದಿ.

ನಮ್ಮ ಸಂಜೆ ತರಗತಿಗೆ ಒಬ್ಬ ಅಕ್ಕ ಬರುತ್ತಾರೆ. ನೇಯ್ಗೆ ಅವರ ಕೆಲಸ. ಒಂದು ದಿನ ಬಲಗೈಗೆ ಬಟ್ಟೆ ಸುತ್ತಿಕೊಂಡು ಬಂದರು. ಸ್ಲೇಟು ಹಿಡಿಯಲು ಆಗುತ್ತಿರಲಿಲ್ಲ.

“ಏನಾಯ್ತಕ್ಕ?” ಅಂತ ಕೇಳಿದೆ.

“ಕಣಜ, ಟೀಚರ್.”

“ಕಚ್ಚಿತಾ?”

“ಇಲ್ಲ. ಕಣಜ ಒಂದೂ ಕಚ್ಚಲಿಲ್ಲ. ಬೆಂಕಿ ಕಚ್ಚಿತು.”

ನಡೆದದ್ದು ಹೀಗೆ. ಅವರ ಮಗ್ಗ ಇರುವುದು ತೆಂಗಿನ ಗರಿ ಹೊದಿಸಿದ ಮಾಡಿನ ಕೆಳಗೆ. ಮಾಡಿನ ಮರದ ಮೇಲೆ ಒಂದು ಮಣ್ಣಿನ ಗೂಡು ಇತ್ತು. ಹಿಂದಿನ ದಿನ ಮೊಮ್ಮಗನಿಗೆ ಬೇಲಿಯ ಹತ್ತಿರ ಕಣಜ ಕುಟುಕಿತ್ತು. ಕೈ ಊದಿಕೊಂಡು ಮಗು ರಾತ್ರಿಯೆಲ್ಲ ಅತ್ತಿತ್ತು. ಮನೆಯವರಿಗೆ ಸಿಟ್ಟು ಬಂತು. ಮೈದುನ ಒಂದು ಬಿದಿರು ಕೋಲಿಗೆ ಹಳೆ ಬಟ್ಟೆ ಸುತ್ತಿದರು. ಸೀಮೆ ಎಣ್ಣೆಯಲ್ಲಿ ಅದ್ದಿದರು. ಬೆಂಕಿ ಹಚ್ಚಿ ಗೂಡಿಗೆ ಹಿಡಿದರು. ಒಣಗಿದ ಗರಿಗೆ ಕಿಡಿ ಹಾರಲು ಎಷ್ಟು ಹೊತ್ತು ಬೇಕು? ಮಗ್ಗದ ಮೇಲೆ ಹಾಸು ಇತ್ತು. ಅದನ್ನು ಉಳಿಸಲು ಹೋಗಿ ಅಕ್ಕ ಕೈ ಸುಟ್ಟುಕೊಂಡರು. ಹಾಸೂ ಉಳಿಯಲಿಲ್ಲ.

ಮರುದಿನ ನಾನು ಅವರ ಮನೆಗೆ ಹೋಗಿದ್ದೆ. ಆ ಮಣ್ಣಿನ ಗೂಡು ಕೆಳಗೆ ಬಿದ್ದಿತ್ತು. ಕೈಗೆ ತೆಗೆದುಕೊಂಡು ನೋಡಿದೆ. ಅದರಲ್ಲಿ ನಾಲ್ಕು ದುಂಡನೆಯ ತೂತುಗಳಿದ್ದವು. ಒಳಗೆ ಏನೂ ಇರಲಿಲ್ಲ. ಹುಳಗಳು ಬೆಳೆದು ಹಾರಿಹೋಗಿ ಎಷ್ಟೋ ದಿನ ಆಗಿತ್ತು. ಅವರು ಬೆಂಕಿ ಇಟ್ಟದ್ದು ಖಾಲಿ ಗೂಡಿಗೆ! ಮಗುವಿಗೆ ಕುಟುಕಿದ ಕಣಜವೇ ಬೇರೆ. ಅದು ಬೇಲಿಯಲ್ಲಿ ಹಾಯಾಗಿತ್ತು.

ಅಂದು ನಾವು ತರಗತಿಯಲ್ಲಿ ಅಕ್ಷರ ಬಿಟ್ಟು ಕಣಜದ ವಿಷಯ ಮಾತಾಡಿದೆವು. ಆ ಮಾತೇ ಈ ಪಾಠ.

ಹೆಸರು ಒಂದು, ಹುಳ ಹಲವು

ಕನ್ನಡದಲ್ಲಿ ಕಣಜ ಅಂತೀವಿ. ಕೆಲವರು ಕಡಜ ಅಂತಾರೆ. ದೊಡ್ಡದಕ್ಕೆ ಕಡಂದುರು, ಕಣಜೀರಿಗೆ ಎನ್ನುವವರೂ ಇದ್ದಾರೆ. ಕೊಯಮತ್ತೂರು, ತಿರುಪ್ಪೂರು ಕಡೆ ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವುದು ತಮಿಳು ಹೆಸರು: ಕುಳವಿ. ದೊಡ್ಡದಕ್ಕೆ ತಮಿಳಿನಲ್ಲಿ ಕದಂಡು, ಕಡಂದೈ ಅಂತಾರೆ. ನಮ್ಮ ಕಡಂದುರು, ಅವರ ಕಡಂದೈ. ಎರಡನ್ನೂ ಗಟ್ಟಿಯಾಗಿ ಹೇಳಿ ನೋಡಿ. ಅಕ್ಕತಂಗಿಯರ ಹಾಗಿವೆ, ಅಲ್ವಾ?

ಕಣಜ ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆ. ರಾಗಿ, ಜೋಳ ತುಂಬಿಡುವ ಜಾಗವೂ ಕಣಜವೇ. ಈ ಅರ್ಥವನ್ನು ನೆನಪಿಟ್ಟುಕೊಳ್ಳಿ. ಸ್ವಲ್ಪ ಹೊತ್ತಿನಲ್ಲಿ ಕೆಲಸಕ್ಕೆ ಬರುತ್ತದೆ.

ಮನೆಯ ಸುತ್ತ ನಾವು ಕಾಣುವ ಗೂಡುಗಳು ಮುಖ್ಯವಾಗಿ ಮೂರು ಥರ. ಮಣ್ಣಿನ ಗೂಡು, ಕಾಗದದಂಥ ತೆರೆದ ಗೂಡು, ಮಡಕೆಯಂತೆ ಉಬ್ಬಿದ ದೊಡ್ಡ ಗೂಡು. ಹುಳ ಹಾರುತ್ತಿರುತ್ತದೆ, ಅದನ್ನು ಗುರುತು ಹಿಡಿಯುವುದು ಕಷ್ಟ. ಗೂಡು ನಿಂತಲ್ಲೇ ಇರುತ್ತದೆ. ಆದ್ದರಿಂದ ಗೂಡನ್ನು ನೋಡಲು ಕಲಿಯಿರಿ.

ಮಣ್ಣಿನ ಗೂಡು

ಇದನ್ನು ಕಟ್ಟುವ ಹುಳಕ್ಕೆ ಕುಂಬಾರ ಹುಳ ಅಂತಲೂ ಹೆಸರು. ಸೊಂಟ ದಾರದಷ್ಟು ಸಣ್ಣ. ನಲ್ಲಿಯ ಕೆಳಗೆ, ಬಾವಿಯ ಕಟ್ಟೆಯ ಹತ್ತಿರ, ಪಾತ್ರೆ ತೊಳೆಯುವ ಜಾಗದಲ್ಲಿ ಹಸಿ ಮಣ್ಣು ಇರುತ್ತದಲ್ಲ, ಅಲ್ಲಿಗೆ ಬರುತ್ತದೆ. ಮಣ್ಣನ್ನು ಉಂಡೆ ಮಾಡಿ ಬಾಯಲ್ಲಿ ಹೊತ್ತು ತರುತ್ತದೆ. ಗುಂಯ್ ಅನ್ನುತ್ತ ಗೋಡೆಗೆ ಮೆತ್ತುತ್ತದೆ. ಇವುಗಳಲ್ಲಿ ಒಂದು ಜಾತಿ ಕತ್ತು ಇರುವ ಪುಟ್ಟ ಗಡಿಗೆ ಮಾಡುತ್ತದೆ. ಇನ್ನೊಂದು ಜಾತಿ ಕೊಳವೆಗಳನ್ನು ಪಕ್ಕಪಕ್ಕ ಇಟ್ಟು ಮೇಲೆ ಮಣ್ಣು ಬಳಿಯುತ್ತದೆ.

ಈ ಗೂಡಿನಲ್ಲಿ ಗುಂಪು ಇಲ್ಲ. ರಾಣಿ ಇಲ್ಲ, ಕಾವಲು ಇಲ್ಲ. ಒಬ್ಬಳೇ ತಾಯಿ. ಗೂಡು ಕಟ್ಟುವವಳೂ ಅವಳೇ, ಬೇಟೆಗೆ ಹೋಗುವವಳೂ ಅವಳೇ. ಗಡಿಗೆ ಮಾಡುವವಳು ಎಲೆ ತಿನ್ನುವ ಹಸಿರು ಹುಳುಗಳನ್ನು ಹಿಡಿಯುತ್ತಾಳೆ. ಕೊಳವೆ ಮಾಡುವವಳು ಜೇಡಗಳನ್ನು ಹಿಡಿಯುತ್ತಾಳೆ. ಅವುಗಳಿಗೆ ಕುಟುಕಿ ಮೈ ಮರಗಟ್ಟಿಸುತ್ತಾಳೆ, ಆದರೆ ಕೊಲ್ಲುವುದಿಲ್ಲ. ಸತ್ತರೆ ಕೊಳೆಯುತ್ತವಲ್ಲ! ಜೀವ ಇರುವ ಹುಳುಗಳನ್ನೇ ಗೂಡಿಗೆ ತುಂಬುತ್ತಾಳೆ. ಒಳಗೆ ಒಂದು ಮೊಟ್ಟೆ ಇಟ್ಟು ಬಾಯಿಗೆ ಮಣ್ಣು ಮುಚ್ಚುತ್ತಾಳೆ. ಮೊಟ್ಟೆ ಒಡೆದ ಮರಿಗೆ ಅದೇ ಊಟ. ಈಗ ಕಣಜದ ಇನ್ನೊಂದು ಅರ್ಥ ನೆನಪು ಮಾಡಿಕೊಳ್ಳಿ. ಆ ಮಣ್ಣಿನ ಗೂಡು ಮಗುವಿಗಾಗಿ ತುಂಬಿಟ್ಟ ಕಣಜವೇ ಸರಿ.

ಹಿರಿಯರು ಇದನ್ನು ಬೇರೆ ಥರ ಹೇಳುತ್ತಿದ್ದರು. ಕಣಜ ಒಂದು ಹುಳವನ್ನು ತಂದು ಗೂಡಿನಲ್ಲಿ ಇಡುತ್ತದೆ. ಹೊರಗೆ ನಿಂತು ಗುಂಯ್‌ಗುಡುತ್ತ, ಕುಟುಕುತ್ತ ಇರುತ್ತದೆ. ಅದನ್ನು ಕೇಳಿ ಕೇಳಿ ಒಳಗಿನ ಹುಳವೂ ಕಣಜವಾಗಿ ಹಾರುತ್ತದೆ ಎಂದು. ಗುರು ಶಿಷ್ಯನನ್ನು ತನ್ನಂತೆ ಮಾಡುತ್ತಾನೆ ಎನ್ನಲು ಈ ಹೋಲಿಕೆ ಕೊಡುತ್ತಿದ್ದರು. ಕೀಟ ಭೃಂಗವಾದ ಮಾತು ಕನ್ನಡದಲ್ಲೂ ಇದೆ, ತಮಿಳಿನಲ್ಲೂ ಇದೆ. ಹೋಲಿಕೆ ಚೆನ್ನಾಗಿದೆ, ನನಗೂ ಇಷ್ಟ. ಆದರೆ ಗೂಡಿನ ಒಳಗೆ ನಡೆಯುವುದು ಅದಲ್ಲ. ಹೊರಗೆ ಬರುವುದು ಕಣಜದ ಸ್ವಂತ ಮಗು. ಒಳಗೆ ಹೋದ ಹುಳ ಅದರ ಹೊಟ್ಟೆ ಸೇರಿರುತ್ತದೆ.

ಇನ್ನೊಂದು ನಂಬಿಕೆ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಮನೆಯೊಳಗೆ ಕುಳವಿ ಗೂಡು ಕಟ್ಟಿದರೆ ಆ ಮನೆಯಲ್ಲಿ ಮಗು ಹುಟ್ಟುತ್ತದೆ, ಗೂಡು ಒಡೆಯಬಾರದು ಅಂತಾರೆ. ಗೂಡಿಗೂ ಬಸಿರಿಗೂ ಸಂಬಂಧ ಇಲ್ಲ. ಮಗು ಆಗದ ಹೆಣ್ಣುಮಗಳನ್ನು “ಗೂಡು ಕಟ್ಟಿ ಇಷ್ಟು ದಿನ ಆಯ್ತಲ್ಲ” ಎಂದು ಚುಚ್ಚುವುದಂತೂ ಕಣಜದ ಕುಟುಕಿಗಿಂತ ಕೆಟ್ಟದ್ದು. ಆದರೂ ಈ ನಂಬಿಕೆಯಿಂದ ಎಷ್ಟೋ ಗೂಡುಗಳು ಉಳಿದಿವೆ. ಆ ಹುಳಗಳು ನಮ್ಮ ತರಕಾರಿ ಗಿಡದ ಹುಳು ತಿಂದಿವೆ.

ಮಣ್ಣಿನ ಗೂಡಿಗೆ ಏನು ಮಾಡಬೇಕು? ಸಾಮಾನ್ಯವಾಗಿ ಏನೂ ಬೇಡ. ಈ ಹುಳ ಗೂಡನ್ನು ಕಾಯುವುದಿಲ್ಲ. ಕೈಯಲ್ಲಿ ಹಿಸುಕಿದರೆ, ಬಟ್ಟೆಯೊಳಗೆ ಸಿಕ್ಕಿಬಿದ್ದರೆ ಮಾತ್ರ ಕುಟುಕೀತು. ಒಣಗಿದ ಗೂಡಿನ ಮೇಲೆ ದುಂಡನೆಯ ತೂತು ಇದ್ದರೆ ಮರಿ ಹಾರಿಹೋಗಿದೆ ಎಂದು ಅರ್ಥ. ಅಂಥ ಗೂಡನ್ನು ಹಳೆ ಚಾಕುವಿನಿಂದ ಕೆರೆದು ತೆಗೆಯಿರಿ. ಬೆಂಕಿ ಬೇಕಿಲ್ಲ, ಸೀಮೆ ಎಣ್ಣೆ ಬೇಕಿಲ್ಲ.

ಬೀಗದ ತೂತು, ಪ್ಲಗ್ ಹಾಕುವ ತೂತು, ಗೋಡೆಯ ಆಣಿಯ ತೂತು ಇವುಗಳಿಗೂ ಮಣ್ಣು ಮೆತ್ತುವ ಜಾತಿ ಇದೆ. ಬಳಸದ ತೂತುಗಳನ್ನು ಮುಚ್ಚಿಬಿಡಿ. ಕರೆಂಟಿನ ಪ್ಲಗ್ಗಿನ ತೂತಿಗೆ ಮಣ್ಣು ಸೇರಿದ್ದರೆ ಕಡ್ಡಿ ಹಾಕಿ ಕೆದಕಬೇಡಿ. ಮೇನ್ ಆಫ್ ಮಾಡಿಸಿ, ಕರೆಂಟು ಕೆಲಸ ಬಲ್ಲವರಿಂದ ತೆಗೆಸಿ.

ಕಾಗದದ ಗೂಡು

ಬೇಲಿಯಲ್ಲಿ ಮಗುವಿಗೆ ಕುಟುಕಿದ್ದು ಈ ಜಾತಿ. ಕಿಟಕಿಯ ಸಜ್ಜದ ಕೆಳಗೆ, ಮೆಟ್ಟಿಲ ಕೆಳಗೆ, ಮುಳ್ಳಿನ ಬೇಲಿಯಲ್ಲಿ, ಮೂಲೆಗೆ ಇಟ್ಟ ಹಳೆ ಬಾಗಿಲಿನ ಹಿಂದೆ ಇದು ಗೂಡು ಕಟ್ಟುತ್ತದೆ. ಗೂಡು ಬೂದು ಬಣ್ಣ. ಒಂದು ಸಣ್ಣ ಕಾಂಡದಿಂದ ತೂಗಾಡುತ್ತದೆ. ಕೆಳಗಿನಿಂದ ನೋಡಿದರೆ ಜೇನುತಟ್ಟಿಯ ಹಾಗೆ ಆರು ಮೂಲೆಯ ಕೋಣೆಗಳು ಕಾಣುತ್ತವೆ. ಮುಚ್ಚಳ, ಹೊದಿಕೆ ಇರುವುದಿಲ್ಲ. ಒಣ ಮರವನ್ನು ಹಲ್ಲಿನಿಂದ ಕೆರೆದು, ಎಂಜಲು ಸೇರಿಸಿ ಅಗಿದು, ಕಾಗದದ ಹಾಗೆ ಮಾಡಿ ಕಟ್ಟಿದ ಗೂಡು ಅದು.

ಇಲ್ಲಿ ಗುಂಪು ಇದೆ. ಗೂಡಿನ ಹತ್ತಿರ ಕೈ ಹೋದರೆ ಕುಟುಕುತ್ತವೆ. ಜೇನು ಒಮ್ಮೆ ಕುಟುಕಿದರೆ ಅದರ ಮುಳ್ಳು ನಮ್ಮ ಮೈಯಲ್ಲೇ ಉಳಿಯುತ್ತದೆ, ಜೇನು ಸಾಯುತ್ತದೆ. ಕಣಜದ ಮುಳ್ಳು ಹಾಗೆ ಉಳಿಯುವುದಿಲ್ಲ. ಒಂದೇ ಕಣಜ ಮತ್ತೆ ಮತ್ತೆ ಕುಟುಕಬಲ್ಲದು. ಕುಟುಕುವುದು ಹೆಣ್ಣು ಮಾತ್ರ. ಗಂಡಿಗೆ ಮುಳ್ಳೇ ಇಲ್ಲ.

ಈ ಬಡ ಕಣಜವನ್ನೇ ಹಲವು ದಶಕ ಕೂತು ನೋಡಿದವರೊಬ್ಬರು ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್‌ಕರ್. ಒಂದೊಂದು ಕಣಜದ ಮೈ ಮೇಲೂ ಬಣ್ಣದ ಚುಕ್ಕೆ ಇಟ್ಟು, ಯಾವುದು ಏನು ಮಾಡುತ್ತದೆ ಎಂದು ಬರೆದುಕೊಂಡರು. ಅವರು ನೋಡಿದ ಜಾತಿಯಲ್ಲಿ ರಾಣಿ ಜಗಳಗಂಟಿ ಅಲ್ಲ, ಸಾಧು. ರಾಣಿಯನ್ನು ಗೂಡಿನಿಂದ ತೆಗೆದರೆ ಉಳಿದವರಲ್ಲಿ ಒಬ್ಬಳು ತಕ್ಷಣ ಜೋರು ಮಾಡುತ್ತಾಳೆ. ಕೆಲವು ದಿನಗಳಲ್ಲಿ ಅವಳೇ ರಾಣಿ! ಈ ವಿಷಯದ ಮೇಲೆ ಅವರು ಬರೆದ ದಪ್ಪ ಪುಸ್ತಕ 2001ರಲ್ಲಿ ಬಂತು. ನಾವು ಪೊರಕೆ ಎತ್ತುವ ಗೂಡಿನಲ್ಲಿ ಒಂದು ಪುಸ್ತಕ ಇತ್ತು ನೋಡಿ.

ಗೂಡು ದೂರದ ಬೇಲಿಯಲ್ಲಿದ್ದರೆ ಬಿಟ್ಟುಬಿಡಿ. ಮಕ್ಕಳಿಗೆ ತೋರಿಸಿ, “ಅಲ್ಲಿ ಹೋಗಬೇಡ, ಕಲ್ಲು ಹೊಡೆಯಬೇಡ” ಎಂದು ಹೇಳಿ. ಬಾಗಿಲ ಮೇಲೆ, ಬಟ್ಟೆ ಒಣಗಿಸುವ ಕಡೆ, ಮಗು ಆಡುವ ಕಡೆ ಇದ್ದರೆ ತೆಗೆಯಲೇಬೇಕು. ಗೂಡು ನಿಮ್ಮ ಅಂಗೈಗಿಂತ ಚಿಕ್ಕದಾಗಿದ್ದು, ನೆಲದ ಮೇಲೆ ನಿಂತೇ ಎಟುಕುವಂತಿದ್ದರೆ ಮಾತ್ರ ನೀವು ತೆಗೆಯಬಹುದು. ಏಣಿ, ಸ್ಟೂಲು ಹತ್ತಿ ಈ ಕೆಲಸ ಮಾಡಬೇಡಿ. ಕಣಜ ಬಂದರೆ ಗಾಬರಿಯಲ್ಲಿ ಬೀಳುತ್ತೀರಿ. ಸೊಂಟ ಮುರಿದರೆ ಕುಟುಕು ಎಷ್ಟೋ ವಾಸಿ ಅನಿಸುತ್ತದೆ.

ಕತ್ತಲಾದ ಮೇಲೆ ಮಾಡಿ. ಆಗ ಹುಳಗಳೆಲ್ಲ ಗೂಡಿನ ಮೇಲೆ ಸುಮ್ಮನೆ ಕೂತಿರುತ್ತವೆ. ಒಂದು ಲೀಟರ್ ನೀರಿಗೆ ಎರಡು ಚಮಚ ಸೋಪಿನ ಪುಡಿ ಕಲಸಿ. ಗಿಡಕ್ಕೆ ನೀರು ಹೊಡೆಯುವ ಕೈಪಂಪಿಗೆ ತುಂಬಿ. ತುಂಬು ತೋಳಿನ ಅಂಗಿ ಹಾಕಿ, ತಲೆಗೂ ಮುಖಕ್ಕೂ ಟವಲು ಸುತ್ತಿ. ಮಕ್ಕಳು ಒಳಗಿರಲಿ. ನಿಮ್ಮ ಹಿಂದೆ ಓಡಿ ಹೋಗಲು ದಾರಿ ಇರಲಿ. ಟಾರ್ಚು ಕೈಯಲ್ಲಿ ಹಿಡಿಯಬೇಡಿ, ಹುಳ ಬೆಳಕಿಗೆ ಹಾರಿ ಬರುತ್ತದೆ. ಟಾರ್ಚನ್ನು ದೂರದ ಗೋಡೆಯ ಮೇಲಿಡಿ. ಒಂದು ಪಕ್ಕದಲ್ಲಿ ನಿಂತು ಗೂಡು ತೊಯ್ಯುವಷ್ಟು ಹೊಡೆಯಿರಿ. ಕಣಜ ಉಸಿರಾಡುವುದು ಮೈ ಪಕ್ಕದ ಸಣ್ಣ ತೂತುಗಳಿಂದ. ಬರಿ ನೀರು ಜಾರಿ ಹೋಗುತ್ತದೆ. ಸೋಪಿನ ನೀರು ಒಳಗೆ ಇಳಿದು ಉಸಿರು ಕಟ್ಟಿಸುತ್ತದೆ. ಬೆಳಿಗ್ಗೆ ನೋಡಿ, ಹುಳ ಇಲ್ಲದಿದ್ದರೆ ಗೂಡು ಕೆರೆದು ತೆಗೆಯಿರಿ. ಕರೆಂಟು ತಂತಿ, ಸ್ವಿಚ್ ಹತ್ತಿರ ಈ ನೀರು ಹೊಡೆಯಬೇಡಿ.

ಇದಕ್ಕಿಂತ ಸುಲಭದ ದಾರಿ ಒಂದಿದೆ. ಗೂಡು ಶುರುವಿನಲ್ಲಿ ಹುಣಸೆ ಬೀಜದಷ್ಟು ಇರುತ್ತದೆ. ಒಂದೋ ಎರಡೋ ಹುಳ ಇರುತ್ತವೆ. ಆ ಹುಳ ಹೊರಗೆ ಹೋದಾಗ ಉದ್ದ ಕೋಲಿನ ಪೊರಕೆಯಿಂದ ಎಳೆದರೆ ಮುಗಿಯಿತು. ಬೋಗಿ ಹಬ್ಬಕ್ಕೆ ಮನೆ ಬಳಿಯುವಾಗ, ಆಯುಧ ಪೂಜೆಗೆ ಮಗ್ಗ ಒರೆಸುವಾಗ ನಾವು ಮೂಲೆ ಮೂಲೆ ನೋಡುತ್ತೇವೆ. ವರ್ಷಕ್ಕೆ ಎರಡು ಸಲ ಸಾಲದು. ತಿಂಗಳಿಗೆ ಒಂದು ಸಲ ಸಜ್ಜದ ಕೆಳಗೆ ಕಣ್ಣು ಹಾಯಿಸಿ.

ನಮ್ಮ ಜಿಲ್ಲೆಗೆ ಕಣಜ ಬಂದ ಕತೆ

“ಇಷ್ಟೆಲ್ಲ ಯಾಕೆ ಟೀಚರ್? ಕಣಜದ ವಂಶವನ್ನೇ ತೆಗೆದರೆ ಆಗಲ್ವಾ?” ಎಂದು ತರಗತಿಯಲ್ಲಿ ಒಬ್ಬ ಅಣ್ಣ ಕೇಳಿದರು. ಅವರಿಗೆ ನಾನು ಹೇಳಿದ ಕತೆ ಇದು. ಕಟ್ಟುಕತೆ ಅಲ್ಲ, ಇಲ್ಲೇ ನಡೆದದ್ದು.

2008ರಲ್ಲಿ ಕೊಯಮತ್ತೂರಿನಲ್ಲಿ ಪರಂಗಿ ಗಿಡಗಳಿಗೆ ಬಿಳಿ ಹಿಟ್ಟು ಚೆಲ್ಲಿದಂಥ ರೋಗ ಕಂಡಿತು. ಅದು ರೋಗ ಅಲ್ಲ, ಹಿಟ್ಟು ತಿಗಣೆ ಎಂಬ ಹುಳ. ನಮ್ಮ ದೇಶಕ್ಕೆ ಹೊಸದು. ಗಿಡದ ರಸ ಹೀರುತ್ತದೆ. ಮೈ ಮೇಲೆ ಬಿಳಿ ಮೇಣ ಇರುವುದರಿಂದ ಔಷಧಿ ಹೊಡೆದರೂ ಸುಲಭಕ್ಕೆ ಸಾಯದು. ಪರಂಗಿಯಿಂದ ಮರಗೆಣಸಿಗೆ, ಹತ್ತಿಗೆ, ಹಿಪ್ಪುನೇರಳೆಗೆ ಹಬ್ಬಿತು. ಮನೆ ಮುಂದಿನ ದಾಸವಾಳವನ್ನೂ ಬಿಡಲಿಲ್ಲ. ರೇಷ್ಮೆ ಸಾಕುವವರಿಗೆ ಸೊಪ್ಪಿಗೇ ಗತಿ ಇಲ್ಲದಂತಾಯಿತು. ಜನ ಔಷಧಿ ಹೊಡೆದರು, ಮತ್ತೆ ಹೊಡೆದರು. ಕೊನೆಗೆ ಗಿಡ ಕಡಿದು ಸುಟ್ಟರು.

ಆ ತಿಗಣೆಯ ತವರು ಅಮೆರಿಕದ ಕಡೆ. ಅಲ್ಲಿ ಅದನ್ನು ತಿನ್ನುವ ಒಂದು ಕಣಜ ಇದೆ. ಸಾಸಿವೆ ಕಾಳಿಗಿಂತ ಚಿಕ್ಕದು. ಅಷ್ಟು ಚಿಕ್ಕದಾದರೂ ಕಣಜದ ಬಳಗವೇ. ಮನುಷ್ಯರಿಗೆ ಕುಟುಕುವುದಿಲ್ಲ. ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ. ಮರಿ ಒಳಗಿನಿಂದ ತಿಂದು, ಒಣ ಸಿಪ್ಪೆ ಮಾತ್ರ ಬಿಟ್ಟು ಹೊರಗೆ ಬರುತ್ತದೆ. 2010ರಲ್ಲಿ ಪೋರ್ಟೊ ರಿಕೊ ಎಂಬ ದ್ವೀಪದಿಂದ ಈ ಕಣಜವನ್ನು ಬೆಂಗಳೂರಿನ ಕೀಟ ಸಂಶೋಧನಾ ಸಂಸ್ಥೆಗೆ ತರಿಸಿದರು. ಮೊದಲು ಪರೀಕ್ಷೆ ಮಾಡಿದರು. ಆಮೇಲೆ ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಅದನ್ನು ಸಾಕಿ, ಹೆಚ್ಚಿಸಿ, ರೈತರಿಗೆ ಕೊಟ್ಟಿತು. ತೋಟದಲ್ಲಿ ಬಿಟ್ಟ ಮೇಲೆ ಕಣಜಗಳೇ ಹುಡುಕಿಕೊಂಡು ಹೋದವು. ಕೆಲವು ತಿಂಗಳಲ್ಲಿ ತಿಗಣೆ ಇಳಿಯಿತು.

ಇದೇ ಥರದ್ದು 2016ರಲ್ಲಿ ಪೊಳ್ಳಾಚಿ ಕಡೆ ತೆಂಗಿಗೆ ಆಯಿತು. ಸುರುಳಿ ಸುರುಳಿಯಾಗಿ ಮೊಟ್ಟೆ ಇಡುವ ಬಿಳಿ ನೊಣ ಬಂತು. ಅದನ್ನು ತಿನ್ನುವ ಪುಟ್ಟ ಕಣಜವೂ ತೋಟದಲ್ಲಿ ಕಾಣಿಸಿತು. “ಕಂಡಾಪಟ್ಟೆ ಔಷಧಿ ಹೊಡೆಯಬೇಡಿ, ಕಣಜ ಸಾಯುತ್ತದೆ” ಎಂದು ಕೃಷಿಯವರು ಹೇಳಿದ್ದು ಅದಕ್ಕೇ. ತೆಂಗಿನ ತೋಟದಲ್ಲಿ ಕೆಲಸ ಮಾಡುವ ನಿಮ್ಮಲ್ಲಿ ಕೆಲವರಿಗೆ ಇದು ನೆನಪಿರಬೇಕು.

ಪ್ರಶ್ನೆ ಕೇಳಿದ ಅಣ್ಣ ಹಿಪ್ಪುನೇರಳೆ ತೋಟದಲ್ಲಿ ಕೂಲಿ ಮಾಡಿದವರು. “ಹೌದು, ಆ ಬಿಳಿ ಹಿಟ್ಟು ನಾನೇ ನೋಡಿದೀನಿ” ಅಂದರು. ಮುಂದೆ ಮಾತಾಡಲಿಲ್ಲ.

ದೊಡ್ಡದು: ಕಡಂದುರು

ಇದರ ಹತ್ತಿರ ಮಾತ್ರ ಹುಡುಗಾಟ ಬೇಡ. ಮೈ ಕಂದು, ಕಪ್ಪು. ಹೊಟ್ಟೆಯ ಮೇಲೆ ಒಂದು ಅಗಲವಾದ ಹಳದಿ ಪಟ್ಟೆ. ಗೂಡು ಮಡಕೆಯ ಹಾಗೆ ಉಬ್ಬಿರುತ್ತದೆ. ಸುತ್ತ ಕಾಗದದಂಥ ಹೊದಿಕೆ, ಒಳಗೆ ಹೋಗಲು ಒಂದು ಬಾಯಿ. ತೆಂಗು, ತಾಳೆ ಮರದ ತಲೆಯಲ್ಲಿ, ಮರದ ಪೊಟರೆಯಲ್ಲಿ, ಪಾಳು ಮನೆಯಲ್ಲಿ, ಹಂಚಿನ ಕೆಳಗೆ ಇರುತ್ತದೆ. ಸಣ್ಣ ಕಣಜಗಳ ಗೂಡನ್ನೇ ಇದು ದೋಚಿ ಮರಿ ತಿನ್ನುತ್ತದೆ. ಅಷ್ಟು ಜೋರು. ಗೂಡು ಅಲುಗಿದರೆ ಗುಂಪಾಗಿ ಅಟ್ಟಿಸಿಕೊಂಡು ಬರುತ್ತದೆ. ಇದರ ಕುಟುಕಿನಿಂದ ಜನ ಸತ್ತಿದ್ದಾರೆ.

ಈ ಗೂಡಿಗೆ ನಿಮ್ಮ ಕೋಲು, ಸೋಪಿನ ನೀರು, ಪಂಜು ಯಾವುದೂ ಬೇಡ. 101ಕ್ಕೆ ಫೋನ್ ಮಾಡಿ. ಅದು ಅಗ್ನಿಶಾಮಕ ದಳದ ನಂಬರ್. ತಮಿಳಿನಲ್ಲಿ ತೀಯಣೈಪ್ಪು ಅಂತಾರೆ. ಬೆಂಕಿ ಆರಿಸಲು ಮಾತ್ರವಲ್ಲ, ಇಂಥ ಗೂಡು ತೆಗೆಯಲೂ ಅವರು ಬರುತ್ತಾರೆ. 101 ಸಿಗದಿದ್ದರೆ 112 ಒತ್ತಿ. ಅವರು ಬರುವವರೆಗೆ ಆ ಕಡೆ ಯಾರನ್ನೂ ಬಿಡಬೇಡಿ. ಹೊಗೆ ಹಾಕಬೇಡಿ, ಪಟಾಕಿ ಹೊಡೆಯಬೇಡಿ. ಮರ ಹತ್ತಿ ಕಾಯಿ ಕೀಳುವವರಿಗೆ ಮೊದಲೇ ಹೇಳಿ. ಮರದ ಮೇಲೆ ಇರುವಾಗ ಕಡಂದುರು ಎದ್ದರೆ ಅವರು ಓಡುವುದೆಲ್ಲಿಗೆ?

ಎತ್ತರದ ನೀರಿನ ತೊಟ್ಟಿ, ದೇವಸ್ಥಾನದ ಗೋಪುರ, ದೊಡ್ಡ ಆಲದ ಮರದಲ್ಲಿ ತೂಗುವ ಅಗಲ ತಟ್ಟಿ ಕಣಜದ್ದಲ್ಲ, ಹೆಜ್ಜೇನಿನದು. ಅದಕ್ಕೂ ಇದೇ ಮಾತು.

ಗುಂಪು ಅಟ್ಟಿಸಿಕೊಂಡು ಬಂದರೆ ಓಡಿ. ಸೆರಗೋ ಟವಲೋ ಏನು ಸಿಕ್ಕಿತೋ ಅದರಿಂದ ಮುಖ ತಲೆ ಮುಚ್ಚಿಕೊಳ್ಳಿ. ಯಾವುದಾದರೂ ಮನೆ ಹೊಕ್ಕು ಬಾಗಿಲು ಹಾಕಿ. ನಿಂತು ಕೈ ಬೀಸಬೇಡಿ. ಬಾವಿಗೆ, ಕೆರೆಗೆ ಹಾರಬೇಡಿ. ಹುಳ ಮೇಲೆಯೇ ಕಾಯುತ್ತಿರುತ್ತದೆ, ನೀವು ಮುಳುಗುತ್ತೀರಿ.

ಕುಟುಕಿದ ಮೇಲೆ

ಮೊದಲು ಗೂಡಿನಿಂದ ದೂರ ಬನ್ನಿ. ಕೈಗೆ ಕುಟುಕಿದ್ದರೆ ಉಂಗುರ, ಬಳೆ ಕೂಡಲೇ ತೆಗೆಯಿರಿ. ಕಾಲಿಗಾದರೆ ಕಾಲುಂಗುರ, ಗೆಜ್ಜೆ. ಊದಿಕೊಂಡ ಮೇಲೆ ಬರುವುದಿಲ್ಲ, ಆಮೇಲೆ ಕತ್ತರಿಸಬೇಕಾಗುತ್ತದೆ. ಜೇನಿನ ಮುಳ್ಳು ಉಳಿದಿದ್ದರೆ ತಡ ಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ಸೋಪು ಹಾಕಿ ತೊಳೆಯಿರಿ. ತಣ್ಣೀರಿನ ಬಟ್ಟೆ ಇಡಿ. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಟ್ಟು ತೆಗೆಯಿರಿ. ನೋವು ಕೆಲವು ಗಂಟೆಯಲ್ಲಿ ಇಳಿಯುತ್ತದೆ. ಊತ, ನವೆ ಎರಡು ಮೂರು ದಿನ ಇರಬಹುದು.

ಸುಣ್ಣ ಹಚ್ಚಬೇಡಿ, ಚರ್ಮ ಸುಡುತ್ತದೆ. ಸಗಣಿ ಹಚ್ಚಬೇಡಿ. ಕಣಜದ ಗೂಡಿನ ಮಣ್ಣನ್ನೂ ಹಚ್ಚಬೇಡಿ. ಸಗಣಿ, ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣು ಇರುತ್ತದೆ. ನಮ್ಮಜ್ಜಿ ನನಗೆ ಸುಣ್ಣ ಹಚ್ಚಿದ್ದರು. ಕುಟುಕಿದ ಗುರುತು ಹೋಯಿತು, ಸುಣ್ಣದ ಗುರುತು ಇನ್ನೂ ಇದೆ.

ಈಗ ಮುಖ್ಯ ಮಾತು. ಇದನ್ನು ಎರಡು ಸಲ ಓದಿ.

ಕೆಲವರ ಮೈಗೆ ಈ ನಂಜು ಆಗುವುದಿಲ್ಲ. ಅವರಿಗೆ ಒಂದೇ ಕುಟುಕು ಸಾಕು, ಪ್ರಾಣಕ್ಕೆ ಬರುತ್ತದೆ. ಕುಟುಕಿದ ಜಾಗ ಮಾತ್ರ ಊದಿದರೆ ಹೆದರಬೇಡಿ. ಆದರೆ ಮೈಯೆಲ್ಲ ದದ್ದು ಎದ್ದರೆ, ತುಟಿ, ನಾಲಗೆ, ಕಣ್ಣು ಊದಿದರೆ, ಉಸಿರು ಕಟ್ಟಿದರೆ, ದನಿ ಒಡೆದರೆ, ತಲೆ ಸುತ್ತಿ ಕಣ್ಣು ಕತ್ತಲಾದರೆ, ವಾಂತಿ ಆದರೆ ಒಂದು ನಿಮಿಷವೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಈ ಆಂಬುಲೆನ್ಸ್‌ಗೆ ದುಡ್ಡಿಲ್ಲ. ಅವರನ್ನು ಮಲಗಿಸಿ, ಕಾಲು ಎತ್ತರಕ್ಕೆ ಇಡಿ. ಉಸಿರಾಡಲು ಕಷ್ಟವಾದರೆ ಒರಗಿಸಿ ಕೂರಿಸಿ. ನಡೆಸಬೇಡಿ. ಕುಡಿಯಲು ಏನೂ ಕೊಡಬೇಡಿ. ಆಸ್ಪತ್ರೆಯಲ್ಲಿ ತೊಡೆಗೆ ಕೊಡುವ ಒಂದು ಇಂಜೆಕ್ಷನ್ ಜೀವ ಉಳಿಸುತ್ತದೆ. ಅಡ್ರಿನಲಿನ್ ಎಂದು ಅದರ ಹೆಸರು. ಮಂತ್ರ ಹಾಕಿಸಲು ಹೋದರೆ ಆ ಹೊತ್ತು ಕೈ ತಪ್ಪುತ್ತದೆ. “ಹೋದ ಸಲ ಕುಟುಕಿದಾಗ ಏನೂ ಆಗಲಿಲ್ಲ” ಎಂದು ಧೈರ್ಯ ಮಾಡಬೇಡಿ. ಈ ಸಲ ಆಗಬಹುದು.

ತುಂಬಾ ಹುಳ ಕುಟುಕಿದ್ದರೆ, ಆಗ ಚೆನ್ನಾಗಿ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ನಂಜು ಹೆಚ್ಚಾದರೆ ಮೂತ್ರಪಿಂಡ ಕೆಡುತ್ತದೆ. ಒಂದೆರಡು ದಿನದ ಮೇಲೆ ಮೂತ್ರ ಕಡಿಮೆಯಾದರೆ, ಟೀ ಬಣ್ಣಕ್ಕೆ ತಿರುಗಿದರೆ ಅದು ಕೆಟ್ಟ ಗುರುತು. ಬಾಯಿ, ಗಂಟಲೊಳಗೆ ಕುಟುಕಿದರೂ ಆಸ್ಪತ್ರೆಗೆ ಓಡಿ, ಒಳಗೆ ಊದಿದರೆ ಉಸಿರು ನಿಲ್ಲುತ್ತದೆ. ಕಬ್ಬಿನ ಹಾಲು, ಜ್ಯೂಸ್ ಲೋಟದಲ್ಲಿ ಕಣಜ ಬಿದ್ದಿರಬಹುದು. ಮಗುವಿಗೆ ಕೊಡುವ ಮೊದಲು ಲೋಟದೊಳಗೆ ನೋಡಿ.

ಬರೆಯಿರಿ

101ಕ್ಕೋ 108ಕ್ಕೋ ಫೋನ್ ಮಾಡಿದರೆ ಆ ಕಡೆಯವರು ತಮಿಳಿನಲ್ಲಿ ಕೇಳುತ್ತಾರೆ: ಯಾವ ಊರು, ಯಾವ ಬೀದಿ, ಹತ್ತಿರ ಏನಿದೆ? ಗಾಬರಿಯಲ್ಲಿ ನಮ್ಮ ಬೀದಿಯ ಹೆಸರೇ ನಮಗೆ ಮರೆಯುತ್ತದೆ. ಆದ್ದರಿಂದ ಇವತ್ತಿನ ಬರವಣಿಗೆ ನೋಟ್‌ಬುಕ್ಕಿನಲ್ಲಿ ಅಲ್ಲ, ಒಂದು ರಟ್ಟಿನ ಮೇಲೆ. ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆಯಿರಿ. ಶಾಲೆಗೆ ಹೋಗುವ ಮಗುವಿನ ಕೈಲಿ ಅದರ ಕೆಳಗೆ ತಮಿಳಿನಲ್ಲೂ ಬರೆಸಿ. ಬಾಗಿಲ ಒಳಗೆ, ಎಲ್ಲರಿಗೂ ಕಾಣುವಂತೆ ನೇತುಹಾಕಿ.

ನಮ್ಮ ಊರು: ____________

ನಮ್ಮ ಬೀದಿ, ಮನೆ ನಂಬರ್: ____________

ಹತ್ತಿರದ ಗುರುತು (ದೇವಸ್ಥಾನ, ಶಾಲೆ, ನೀರಿನ ತೊಟ್ಟಿ): ____________

ಕಡಂದುರು ಗೂಡು, ಬೆಂಕಿ: 101

ಆಂಬುಲೆನ್ಸ್: 108

ನಮ್ಮ ಮನೆಯಲ್ಲಿ ಕುಟುಕಿದರೆ ಮೈಗೆ ಆಗದವರು: ____________

ಮುಂದಿನ ತರಗತಿಗೆ ಬರುವಾಗ ನಿಮ್ಮ ಮನೆಯ ಸುತ್ತ ಎಷ್ಟು ಗೂಡು ಕಂಡಿರಿ, ಯಾವ ಥರದ್ದು, ತೂತು ಇತ್ತೇ ಇಲ್ಲವೇ ಎಂದು ನಾಲ್ಕು ಸಾಲು ಬರೆದು ತನ್ನಿ. ಕೈ ಸುಟ್ಟುಕೊಂಡ ಅಕ್ಕ ಈಗಾಗಲೇ ಬರೆದಿದ್ದಾರೆ. ಅವರದು ಆರು ಸಾಲು ಆಗಿದೆ.